ಡಸ್ಟರ್ ಇಲ್ಲದ ಗೋಡೆ

ಯಶವಂತಪುರದ ರೈಲ್ವೆ ಗೇಟಿಗೆ ಹತ್ತಿರವಿದ್ದ ಆ ಮನೆಯಲ್ಲಿ ನಡುಮನೆಯ ಒಂದು ಗೋಡೆ ಪೂರ್ತಿ ಕಪ್ಪಗಿತ್ತು. ಮೊದಲ ದಿನ ನೋಡಿದಾಗ ಹೊಗೆ ಹಿಡಿದಿದೆ ಅಂದುಕೊಂಡೆ. ಗೊರಗುಂಟೆಪಾಳ್ಯದ ನಮ್ಮ ಮನೆಯ ಅಡುಗೆಕೋಣೆಯೂ ಹಾಗೇ ಇತ್ತು, ಆದರೆ ಅದು ಸೌದೆ ಒಲೆಯ ಕೃಪೆ. ಇದು ಬೇಕೆಂದೇ ಬಳಿದದ್ದು. ಇದ್ದಿಲು ಕುಟ್ಟಿ, ತೊಂಡೆ ಸೊಪ್ಪಿನ ರಸದಲ್ಲಿ ಕಲಸಿ, ಒಂದು ಲೇಪ ಒಣಗಿದ ಮೇಲೆ ಇನ್ನೊಂದು ಹಾಕಿ ನಮ್ಮ ಗಣಿತದ ಮೇಡಂ ಆ ಗೋಡೆಯನ್ನೇ ಬೋರ್ಡು ಮಾಡಿಕೊಂಡಿದ್ದರು. ಸೀಮೆಸುಣ್ಣ ಕಿಟಕಿಯಲ್ಲಿತ್ತು. ಡಸ್ಟರ್ ಎಲ್ಲೂ ಕಾಣಲಿಲ್ಲ.

"ಡಸ್ಟರ್ ಎಲ್ಲಿ ಮೇಡಂ?" ಎಂದೆ.

"ಈ ಮನೇಲಿ ಅದಿಲ್ಲ. ತಪ್ಪು ಬರೆದ್ರೆ ಅದರ ಮೇಲೊಂದು ಗೀಟು ಎಳಿ, ಕೆಳಗೆ ಸರಿಯಾದ್ದು ಬರಿ. ನೀವು ಹೋದ್ಮೇಲೆ ಒದ್ದೆ ಬಟ್ಟೇಲಿ ನಾನು ಒರೆಸ್ಕೋತೀನಿ. ಬರೆದವರು ಒರೆಸೋ ಹಾಗಿಲ್ಲ."

ಇದೆಂಥ ಮಡಿ ಎಂದು ಮನಸ್ಸಿನಲ್ಲೇ ನಕ್ಕೆ. ಆಗ ನನಗೆ ಎಲ್ಲದಕ್ಕೂ ನಗು, ಇಲ್ಲದಿದ್ದರೆ ಜಗಳ. "ಬಾಯಿದ್ದವರು ಬರಗಾಲದಲ್ಲೂ ಬದುಕ್ತಾರೆ" ಎಂದು ನಮ್ಮವ್ವ ನನ್ನನ್ನು ನೋಡಿಯೇ ಹೇಳುತ್ತಿದ್ದದ್ದು.

ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನೂ ನನ್ನ ಸಹಪಾಠಿಯೊಬ್ಬಳೂ ಹೆಂಗಸರ ಕಾಲೇಜಿನಲ್ಲಿ ಬಿ.ಎಸ್ಸಿ. ಮುಗಿಸಿದ್ದೆವು. ಗಣಿತದಲ್ಲಿ ಎಂ.ಎಸ್ಸಿ. ಓದಬೇಕಾದರೆ ಪಟ್ಟಣದ ದೊಡ್ಡ ಕಾಲೇಜಿಗೆ ಹೋಗಬೇಕು. ಸೀಟು ಬೆರಳಲ್ಲಿ ಎಣಿಸುವಷ್ಟು. ಒಳ್ಳೆಯ ಅಂಕ ಇದ್ದವರನ್ನು ಇಂಟರ್‌ವ್ಯೂಗೆ ಕರೆಯುತ್ತಿದ್ದರು. ಕೈಗೆ ಸೀಮೆಸುಣ್ಣ ಕೊಟ್ಟು ಬೋರ್ಡಿನ ಮುಂದೆ ನಿಲ್ಲಿಸಿ, ಹಿಂದೆ ಮೂವರು ಪ್ರೊಫೆಸರುಗಳು ಕುಳಿತು ಒಂದು ಪ್ರಮೇಯವನ್ನು ಸಾಧಿಸು ಅನ್ನುತ್ತಿದ್ದರು. ಹಿಂದಿನ ವರ್ಷ ಮೇಡಂ ಇಬ್ಬರು ಹುಡುಗಿಯರನ್ನು ಕಳಿಸಿದ್ದರು. ಗಂಡು ಹುಡುಗರಿಗಿಂತ ಅವರ ಅಂಕ ಜಾಸ್ತಿ ಇತ್ತು. ಇಬ್ಬರೂ ಸೀಟಿಲ್ಲದೆ ವಾಪಸು ಬಂದರು. ಏನಾಯಿತು ಎಂದು ಮೇಡಂ ಒಬ್ಬೊಬ್ಬರನ್ನೇ ಕೂರಿಸಿಕೊಂಡು ಕೇಳಿದಾಗ ಇಬ್ಬರ ಉತ್ತರವೂ ಒಂದೇ ಆಗಿತ್ತು. ಸರಿಯಾಗಿಯೇ ಬರೆದಿದ್ದರು. ಆಮೇಲೆ ತಾವೇ ಒರೆಸಿದ್ದರು.

ಯಾಕೆ ಒರೆಸಿದರು ಅಂದರೆ, ಪ್ರೊಫೆಸರು "ಹೌದೇನಮ್ಮಾ?" ಎಂದಿದ್ದರಂತೆ.

ಓದುವವರಿಗೆ ಇದು ತಮಾಷೆಯಾಗಿ ಕಾಣಬಹುದು. ನಮ್ಮ ಮನೆಗಳಲ್ಲಿ ಬೆಳೆದ ಹೆಣ್ಣುಮಕ್ಕಳಿಗೆ ಕಾಣದು. ಅತ್ತೆಯಾದವಳು "ಸಾರಿಗೆ ಉಪ್ಪು ಹಾಕಿದ್ದೀಯೇನೇ?" ಎಂದರೆ ಅವಳಿಗೆ ಉತ್ತರ ಬೇಕಾಗಿಲ್ಲ, ಉಪ್ಪು ಬೇಕು. ಅಪ್ಪ "ಬಾಗಿಲು ಹಾಕಿದ್ದೀಯಾ?" ಎಂದರೆ ಎದ್ದು ಹೋಗಿ ಹಾಕಬೇಕು. ಹಿರಿಯರು ಕೇಳಿದರು ಅಂದರೆ ಎಲ್ಲೋ ತಪ್ಪಾಗಿದೆ ಎಂದೇ ಲೆಕ್ಕ. ಅವರು ಮೆತ್ತಗೆ ಕೇಳಿದಷ್ಟೂ ತಪ್ಪು ದೊಡ್ಡದು. ಕಾಲೇಜಿನಲ್ಲಿ ಪಾಠ, ಪರೀಕ್ಷೆ ಎಲ್ಲ ಇಂಗ್ಲಿಷಿನಲ್ಲಿದ್ದರೂ, ಹುಡುಗಿಯರನ್ನು ಕಂಡರೆ ಆ ಕಾಲದ ಪ್ರೊಫೆಸರುಗಳು ಅಕ್ಕರೆಯಿಂದ ಮನೆಯ ಕನ್ನಡಕ್ಕೆ ಇಳಿಯುತ್ತಿದ್ದರು. ಆ ಅಕ್ಕರೆಯೇ ಹುಡುಗಿಯರನ್ನು ಮುಗಿಸುತ್ತಿತ್ತು.

ಹಾಗಾಗಿ ಆ ಬೇಸಿಗೆಯಲ್ಲಿ ಮೇಡಂ ನಮಗೆ ಹೊಸ ಗಣಿತವನ್ನೇನೂ ಹೇಳಿಕೊಡಲಿಲ್ಲ. ಇದ್ದ ಗಣಿತವನ್ನು ಒರೆಸದಿರುವುದನ್ನು ಹೇಳಿಕೊಟ್ಟರು.

ನನ್ನ ಜೊತೆಗಿದ್ದವಳು ಯಲಹಂಕದವಳು. ಮೇಡಂ ನಮ್ಮನ್ನು ಊರಿನ ಹೆಸರಿನಿಂದಲೇ ಕರೆಯುತ್ತಿದ್ದರು, ಆದ್ದರಿಂದ ಇಲ್ಲೂ ಅವಳು ಯಲಹಂಕದವಳಾಗಿಯೇ ಇರಲಿ. ಯಲಹಂಕದಿಂದ ಪ್ಯಾಸೆಂಜರ್ ರೈಲಿನಲ್ಲಿ ಬಂದು, ನಿಲ್ದಾಣದಿಂದ ತಲೆ ತಗ್ಗಿಸಿಕೊಂಡು ನಡೆದು, ಬಾಗಿಲ ಹೊರಗೆ ಚಪ್ಪಲಿ ಬಿಟ್ಟು, ಕರೆಯುವ ತನಕ ಅಲ್ಲೇ ನಿಂತಿರುತ್ತಿದ್ದಳು. ಗಣಿತದಲ್ಲಿ ನಾನು ಅವಳ ಕಾಲ ಧೂಳಿಗೂ ಸಮ ಅಲ್ಲ. ನಾನು ಪುಸ್ತಕವನ್ನು ಮೂರು ಸಲ ತಿರುವಿ, ಪುಸ್ತಕ ಬರೆದವನನ್ನು ಬೈದು, ಕೊನೆಗೆ ಅರ್ಥ ಮಾಡಿಕೊಳ್ಳುವ ಜಾತಿ. ಅವಳು ಪ್ರಶ್ನೆಯನ್ನು ಓದಿ ಸುಮ್ಮನೆ ಕಿಟಕಿಯ ಕಡೆ ನೋಡುವಳು, ಆಮೇಲೆ ಬರೆಯುವಳು. ಬರೆದದ್ದರಲ್ಲಿ ಒಂದು ಸಾಲೂ ಹೆಚ್ಚಿಲ್ಲ, ಒಂದೂ ಕಮ್ಮಿಯಿಲ್ಲ. ನೋಡಿದರೆ ಹೊಟ್ಟೆ ಉರಿಯುತ್ತಿತ್ತು. ಅಷ್ಟೇ ಇಷ್ಟವೂ ಆಗುತ್ತಿತ್ತು.

ಅಪ್ಪ ಇಲ್ಲದ ಅವಳನ್ನು ಅಣ್ಣ ಸಾಕಿದ್ದ. ಹೊಲ, ದ್ರಾಕ್ಷಿ ತೋಟ ನೋಡಿಕೊಂಡಿದ್ದ ಹಳೇ ಕುಳ. ಕೆಟ್ಟವನಲ್ಲ. ಊರವರು ಆಡಿಕೊಂಡರೂ ತಂಗಿಯನ್ನು ಬಿ.ಎಸ್ಸಿ. ತನಕ ಓದಿಸಿದ್ದ. ಆದರೆ ಗಂಡಿನ ಕಡೆಯವರು ಕಾದು ಕುಳಿತಿದ್ದರು, ಅವನು ಅವರಿಗೆ ಮಾತು ಕೊಟ್ಟಾಗಿತ್ತು. "ಈ ಸಲ ಸೀಟ್ ಸಿಕ್ರೆ ಓದ್ಕೋ, ನಾನ್ ಅವರಿಗೆ ಹೇಳ್ಕೋತೀನಿ. ಸಿಗ್ದಿದ್ರೆ ಶ್ರಾವಣದಲ್ಲಿ ಮದುವೆ. ಮುಂದಿನ್ ವರ್ಷ, ಅದರಾಚೆ ವರ್ಷ ಅಂತ ನನ್ ಹತ್ರ ಬರ್ಬೇಡ" ಎಂದಿದ್ದನಂತೆ. ಇದನ್ನು ಅವಳೇ ಹೇಳಿದ್ದು, ಹೂವಿನ ರೇಟು ಹೇಳುವ ಹಾಗೆ, ಮುಖ ಒಂದಿಷ್ಟೂ ಬದಲಾಗದೆ. ನನಗೆ ಹಾಗಿರಲಿಲ್ಲ. ನಮ್ಮಪ್ಪ ಸೊಪ್ಪು ತರಕಾರಿಯ ಗಾಡಿ ಹೊಡೆದುಕೊಂಡು ಯಶವಂತಪುರದ ಸಂತೆಗೆ ಬರುವ ಮನುಷ್ಯ, ನಾನು ಎಷ್ಟು ವರ್ಷ ಓದಿದರೂ ಎಲ್ಲಿಗೆ ಬಂತು ಎಂದು ಕೇಳುತ್ತಿರಲಿಲ್ಲ. ಅವಳಿಗೆ ಇದ್ದದ್ದು ಒಂದೇ ಸಲ, ಒಂದೇ ಬೆಳಿಗ್ಗೆ.

ಮೇಡಂಗೂ ಅದು ಗೊತ್ತಿತ್ತು. ಅವರು ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡವರು. ಗಂಡನ ತಂದೆ, ರೈಲ್ವೆಯಲ್ಲಿ ಗಾರ್ಡ್ ಆಗಿದ್ದು ನಿವೃತ್ತರಾದವರು, ಸೊಸೆಯನ್ನು ಮನೆಯ ಮೂಲೆಯಲ್ಲಿ ಕೂರಿಸದೆ ಓದಿಸಿ ಲೆಕ್ಚರರ್ ಮಾಡಿದ್ದರು. ಆ ತಾತನೇ ನಮ್ಮ ಪರೀಕ್ಷಕರು. ಅವರಿಗೆ ಗಣಿತ ಒಂದಕ್ಷರ ಬರುತ್ತಿರಲಿಲ್ಲ. ಹೆದರಿಸಲು ಮಾತ್ರ ಚೆನ್ನಾಗಿ ಬರುತ್ತಿತ್ತು. ಕಪ್ಪು ಕೋಟು ಹಾಕಿ, ಕೈಕುರ್ಚಿಯಲ್ಲಿ ನೆಟ್ಟಗೆ ಕುಳಿತು, ನಸ್ಯದ ಡಬ್ಬಿ ತೆಗೆದು, ಒಂದು ಚಿಟಿಕೆ ಏರಿಸಿ, ಕರವಸ್ತ್ರದಲ್ಲಿ ಮೂಗು ಒರೆಸಿಕೊಂಡು, ಆಮೇಲೆ ಮೆತ್ತಗೆ "ಹೌದೇನಮ್ಮಾ?" ಅನ್ನುವರು. ಯಾವ ಸಾಲಿಗೆ ಅನ್ನಬೇಕೆಂದು ಸೊಸೆ ಹೇಳಿಕೊಟ್ಟಿರಲಿಲ್ಲ. ನಸ್ಯ ಏರಿದಾಗ ಅನ್ನಬೇಕು, ಅಷ್ಟೇ.

ನನಗೆ ಅನ್ನುವಾಗ ನಾನು ಕೂಡಲೇ ತಿರುಗಿ "ಹೌದು ತಾತ, ಯಾಕೆ?" ಅನ್ನುತ್ತಿದ್ದೆ. ಅವರು ಮೀಸೆಯೊಳಗೆ ನಗುತ್ತಿದ್ದರು. "ಇವಳಿಗೆ ನಾನ್ಯಾಕೆ, ಇವಳೇ ನನ್ನನ್ನ ಹೆದರಿಸ್ತಾಳೆ" ಎಂದು ಸೊಸೆಗೆ ಹೇಳುತ್ತಿದ್ದರು. ಯಲಹಂಕದವಳಿಗೆ ಅಂದಾಗ ಮಾತ್ರ ನಡುಮನೆಯಲ್ಲಿ ಗಾಳಿ ನಿಂತ ಹಾಗಾಗುತ್ತಿತ್ತು. ಅವಳ ಬಲಗೈ ಬರೆಯುತ್ತಿದ್ದಂತೆಯೇ ಎಡಗೈ ಸೆರಗಿನ ತುದಿ ಹುಡುಕುವುದು. ನಾವು ನೋಡನೋಡುತ್ತಿರುವಂತೆಯೇ ಆ ಸಾಲು ಮಾಯ.

"ಏನ್ ತಪ್ಪಿತ್ತೇ ಅದರಲ್ಲಿ?" ಎಂದು ಮೇಡಂ ಕೇಳುವರು.

"ಏನಿಲ್ಲ ಮೇಡಂ."

"ಮತ್ಯಾಕ್ ಒರೆಸ್ದೆ?"

ಅವಳು ಸೆರಗಿನ ಸುಣ್ಣ ಕೊಡವುವಳು. ಆಗ ಮೇಡಂ ಒಂದು ಉಪಾಯ ಮಾಡಿದರು. ರುಬ್ಬಲು ಕೂರುವ ಮುಂಚೆ ಹೆಂಗಸರು ಸೆರಗು ಸುತ್ತಿ ಸೊಂಟಕ್ಕೆ ಸಿಕ್ಕಿಸುತ್ತಾರಲ್ಲ, ಹಾಗೆ ಸಿಕ್ಕಿಸಿಕೊಂಡೇ ಗೋಡೆಯ ಹತ್ತಿರ ಹೋಗಬೇಕು ಎಂದರು. ಸೆರಗು ಕೈಗೆ ಸಿಗದಿದ್ದರೆ ಒರೆಸುವುದು ನಿಲ್ಲುತ್ತದೆ ಎಂದು ಅವರ ಲೆಕ್ಕ. ಮೊದಲ ದಿನ ಅವಳು ಅಂಗೈಯಲ್ಲೇ ಒರೆಸಿದಳು. ಸೊಸೆಗೆ ಬಂದ ಸಿಟ್ಟು ನೋಡಿ ತಾತನೇ ಕುರ್ಚಿಯಿಂದ ಎದ್ದು ಒಳಗೆ ಹೋದರು.

"ಕೈ ಕಟ್ಟಿಹಾಕ್ಲಾ ನಿಂಗೆ? ಕಟ್ಟಿಹಾಕ್ಲಾ? ಹೋದ ವರ್ಷ ಇಬ್ರು ಹೀಗೇ ಹೋದ್ರು. ಒಬ್ಳು ಎಲ್ಲಿದ್ದಾಳೆ ಅಂತ್ಲೇ ನಂಗೀಗ ಗೊತ್ತಿಲ್ಲ. ನೀನೂ ಹೋಗ್ತೀಯಾ?"

ಅವಳು ಅಳಲಿಲ್ಲ. ಕಪ್ಪು ಗೋಡೆಯನ್ನೇ ನೋಡುತ್ತಾ ನಿಂತಳು. ಆ ಹೊತ್ತಿಗೆ ಸರಿಯಾಗಿ ಗೂಡ್ಸ್ ಗಾಡಿಯೊಂದು ಬಂತು. ಅದು ಬಂದರೆ ಆ ಮನೆಯ ಪಾತ್ರೆಗಳೆಲ್ಲ ಗಲಗಲ ಅನ್ನುತ್ತಿದ್ದವು. ಮೇಡಂ ಬೈಯುವುದನ್ನು ನಿಲ್ಲಿಸಲಿಲ್ಲ, ಗಾಡಿಯ ಸದ್ದಿಗಿಂತ ಗಟ್ಟಿಯಾಗಿ ಬೈದರು. ಆಮೇಲೆ ತಮಗೇ ಏನೋ ಹೊಳೆದ ಹಾಗೆ, "ರೈಲು ಬಂದಾಗ್ಲೂ ನಿಲ್ಲಿಸ್ಬಾರ್ದು. ರೈಲಿಗೆ ಕೇಳೋ ಹಾಗೆ ಹೇಳ್ಬೇಕು ನೀನು. ಅದೇ ನಿಂಗೆ ಪಾಠ ಇವತ್ತಿಂದ" ಎಂದರು.

ಅಂದು ಸಂಜೆ ಅವಳನ್ನು ನಿಲ್ದಾಣಕ್ಕೆ ಬಿಡಲು ಹೋಗುವಾಗ ದಾರಿಯುದ್ದಕ್ಕೂ ನಾನೂ ಬೈದೆ. ನಿನಗೆ ಬರುವಷ್ಟು ನನಗೆ ಬಂದಿದ್ದರೆ ಆ ಪ್ರೊಫೆಸರುಗಳನ್ನೇ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ ಎಂದೆ. ಅವಳು ಗೇಟಿನ ಹತ್ತಿರ ನಿಂತಳು. ಗೇಟು ಹಾಕಿತ್ತು.

"ನಿಂಗೆ ಹೇಳಿದ್ರೆ ಅರ್ಥ ಆಗಲ್ಲ ಕಣೆ. ನಾನ್ ಬರೆದಿರೋದು ಸರಿ ಅಂತ ನಂಗೊತ್ತಿರುತ್ತೆ. ಅವರು ಕೇಳಿದ ತಕ್ಷಣ, ಗೊತ್ತಿರೋದೇ ಹೊರಟೋಗುತ್ತೆ. ಹೆದರಿಕೆ ಅಲ್ಲ. ಗೊತ್ತೇ ಇರ್ಲಿಲ್ವೇನೋ ಅನ್ಸುತ್ತೆ."

ನಿಜವಾಗಿಯೂ ನನಗೆ ಅರ್ಥವಾಗಲಿಲ್ಲ. ನಾಟಕ ಅಂದುಕೊಂಡೆ. ಅಷ್ಟರಲ್ಲಿ ಗೇಟು ತೆರೆಯಿತು, ಅವಳು ಹಳಿ ದಾಟಿ ಹೋದಳು.

ಬೇಸಿಗೆ ಕಳೆಯುವ ಹೊತ್ತಿಗೆ ಮೇಡಂ ಒಂದೇ ಪ್ರಮೇಯವನ್ನು ಹಿಡಿದು ಅವಳನ್ನು ಅರೆಯುತ್ತಿದ್ದರು. ಸುಲಭವಾಗಿ ಹೇಳುವುದಾದರೆ ಅದು ಇಷ್ಟೇ: ಒಂದು ಗೆರೆ ಸೊನ್ನೆಯ ಕೆಳಗೆ ಶುರುವಾಗಿ, ಎಲ್ಲೂ ತುಂಡಾಗದೆ ಸಾಗಿ, ಸೊನ್ನೆಯ ಮೇಲೆ ಮುಗಿದರೆ, ನಡುವೆ ಎಲ್ಲೋ ಒಂದು ಕಡೆ ಸೊನ್ನೆಯನ್ನು ಮುಟ್ಟಿರಲೇಬೇಕು. "ಗೇಟಿನ ಆಚೆ ಇದ್ದ ಎಮ್ಮೆ ಈಚೆ ಬಂದು ನಿಂತಿದೆ ಅಂದ್ರೆ ಹಳಿ ದಾಟಿದೆ ಅಂತ ಎಮ್ಮೆಗೂ ಗೊತ್ತು. ಗೊತ್ತಿದ್ರೆ ಸಾಲ್ದು, ಸಾಧಿಸ್ಬೇಕು" ಎನ್ನುವರು ಮೇಡಂ. ಗೆರೆ ಸೊನ್ನೆಯ ಕೆಳಗಿರುವ ಜಾಗಗಳನ್ನೆಲ್ಲ ಒಟ್ಟು ಹಾಕಿ, ಅವುಗಳ ಕಟ್ಟಕಡೆಯ ಎಲ್ಲೆಯನ್ನು ಹಿಡಿದು, ಅಲ್ಲಿ ಬೆಲೆ ಸೊನ್ನೆಯೇ ಎಂದು ತೋರಿಸಬೇಕು. ಆ ಕೊನೆಯ ಸಾಲಿಗೆ ಬಂದಾಗಲೇ ತಾತನ ನಸ್ಯ ಏರುತ್ತಿತ್ತು. ಅವಳ ಕೈ ಏಳುತ್ತಿತ್ತು. ಎಷ್ಟೋ ಸಲ ಎದ್ದ ಕೈಯನ್ನು ಅವಳೇ ಇನ್ನೊಂದು ಕೈಯಿಂದ ಹಿಡಿದು ಇಳಿಸಿದ್ದನ್ನು ನೋಡಿದ್ದೇನೆ.

ಇಂಟರ್‌ವ್ಯೂಗೆ ಮುಂಚಿನ ಭಾನುವಾರ ಅದು ಆಯಿತು. ಅವಳು ಕೊನೆಯ ಸಾಲು ಬರೆಯುತ್ತಿರುವಾಗ ಗಾಡಿ ಬಂತು. ತಾತ ಕೂಗಿಯೇ ಕೇಳಬೇಕಾಯಿತು, "ಹೌದೇನಮ್ಮಾ?" ಅವಳು ಗೋಡೆಯ ಕಡೆಗೇ ಮುಖ ಮಾಡಿ, ಗಾಡಿಯ ಸದ್ದಿನ ಮೇಲೆ ಕೂಗಿದಳು, "ಹೌದು! ಇಲ್ಲಿ ಕಮ್ಮಿ ಇದ್ರೆ ಸ್ವಲ್ಪ ಮುಂದಕ್ಕೂ ಕಮ್ಮೀನೇ ಇರ್ಬೇಕು! ಜಾಸ್ತಿ ಇದ್ರೆ ಸ್ವಲ್ಪ ಹಿಂದಕ್ಕೂ ಜಾಸ್ತೀನೇ! ಎರಡೂ ಆಗಲ್ಲ!" ಗಾಡಿ ಹೋದ ಮೇಲೂ ಅವಳ ಧ್ವನಿ ಅಷ್ಟೇ ಎತ್ತರದಲ್ಲಿತ್ತು. ತನ್ನ ಧ್ವನಿ ತನಗೇ ಕೇಳಿಸಿ ಬೆಚ್ಚಿ ಬಾಯಿ ಮುಚ್ಚಿಕೊಂಡಳು. ತಾತ ನಸ್ಯದ ಡಬ್ಬಿ ಕೆಳಗಿಟ್ಟು ಚಪ್ಪಾಳೆ ತಟ್ಟಿದರು. ಮೇಡಂ ಅಡುಗೆಮನೆಗೆ ಹೋಗಿ ಬಹಳ ಹೊತ್ತು ಕಾಫಿ ಸೋಸಿದರು.

ಇಂಟರ್‌ವ್ಯೂ ದಿನ ದೊಡ್ಡ ಕಾಲೇಜಿನ ಆ ಕಲ್ಲಿನ ಕಾರಿಡಾರಿನಲ್ಲಿ ಇಸ್ತ್ರಿ ಪ್ಯಾಂಟಿನ ಹುಡುಗರು ಸಾಲಾಗಿ ನಿಂತಿದ್ದರು. ನಾವಿಬ್ಬರೂ ಒಂದು ಕಂಬದ ಹತ್ತಿರ, ಮೇಡಂ ನಮ್ಮ ಮುಂದೆ ಗೋಡೆ ಕಟ್ಟಿದ ಹಾಗೆ. ಯಲಹಂಕದವಳ ಅಣ್ಣನೂ ಬಂದಿದ್ದ, ಬಿಳಿ ಪಂಚೆ, ಕೈಯಲ್ಲಿ ಕೊಡೆ. ಗಳಿಗೆಗೊಮ್ಮೆ ಅವರಿವರನ್ನು ಟೈಮ್ ಕೇಳುತ್ತಿದ್ದ. ಮಧ್ಯಾಹ್ನದ ರೈಲು ತಪ್ಪಿದರೆ ಸಂಜೆಯ ತನಕ ಊರಿಗೆ ಗಾಡಿಯಿಲ್ಲ.

ಅವಳ ಹೆಸರು ನನಗಿಂತ ಮೊದಲು ಬಂತು. ಸೆರಗು ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿಕೊಂಡು ಹೊರಟಳು. ಬಾಗಿಲ ಹತ್ತಿರ ಅಣ್ಣ ತಡೆದ.

"ಏನಮ್ಮಿ ಇದು, ಗದ್ದೆ ಕೆಲಸಕ್ ಹೊಂಟೋಳಂಗೆ? ದೊಡ್ಡೋರ ಮುಂದೆ ಹೋಗ್ತಿದ್ದೀಯ. ಸೆರಗು ಹೊದ್ಕೋ ಸರಿಯಾಗಿ."

ಒಳ್ಳೆಯದಕ್ಕೇ ಹೇಳಿದ. ಅವಳು ಸೆರಗು ಬಿಚ್ಚಿ ಭುಜದ ತುಂಬ ಹೊದ್ದುಕೊಂಡು ಒಳಗೆ ಹೋದಳು. ಮೇಡಂ ಬಾಯಿ ತೆರೆಯುವಷ್ಟರಲ್ಲಿ ಬಾಗಿಲು ದಾಟಿಯಾಗಿತ್ತು. ನಾನು ಆ ಅಣ್ಣನನ್ನು ಕೊಡೆಯ ಸಮೇತ ಕೆರೆಗೆ ನೂಕಬೇಕು ಅಂದುಕೊಂಡೆ.

ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. ಸಂದಿನಲ್ಲಿ ಅವಳ ಬೆನ್ನು, ಜಡೆ, ಬೋರ್ಡಿನ ಒಂದು ಭಾಗ ಕಾಣುತ್ತಿತ್ತು. ಕೊಟ್ಟದ್ದು ಬೇರೆ ಯಾವುದೂ ಅಲ್ಲ, ಅದೇ ಸೊನ್ನೆಯ ಪ್ರಮೇಯ! ನಾನು ಮೇಡಂ ಕೈಯನ್ನು ಹಿಡಿದುಕೊಂಡೆ. ಅವಳು ಬರೆಯುತ್ತಾ ಹೋದಳು, ಸಾಲಿನ ಕೆಳಗೆ ಸಾಲು. ಕೊನೆಯ ಸಾಲೂ ಬಂತು. ಒಳಗಿನಿಂದ ಮೆತ್ತಗೆ, ಬಹಳ ಮೆತ್ತಗೆ ಕೇಳಿಸಿತು.

"ಹೌದೇನಮ್ಮಾ?"

ಅವಳ ಎಡಗೈ ಸೆರಗಿನ ತುದಿಯನ್ನು ಹುಡುಕಿತು. ಸೆರಗು ಅಲ್ಲೇ ಇತ್ತು.

ಹೊರಗೆ ಬಂದಾಗ ಅವಳು ಮೇಡಂ ಕಡೆ ನೋಡಲಿಲ್ಲ. ನೀಲಿ ಸೀರೆಯ ಸೆರಗಿನ ತುದಿ ಬೆಳ್ಳಗಾಗಿತ್ತು. ಅಣ್ಣ ಅದನ್ನು ಕೊಡವಲು ಹೋದ. "ಆಯ್ತಾ? ನಡಿ, ರೈಲ್ ಸಿಕ್ತದೆ" ಎಂದ. ಇಬ್ಬರೂ ಕಾರಿಡಾರಿನ ಕೊನೆಗೆ ನಡೆದು ಹೋದರು. ಆಗಲೇ ಅಟೆಂಡರು ನನ್ನ ಹೆಸರು ಕರೆದ.

ಒಳಗೆ ಮೂವರು. ನಡುವಿನವರು ವಯಸ್ಸಾದವರು, ಹಣೆಯಲ್ಲಿ ಗಂಧ, ಮುಖದಲ್ಲಿ ನಿಜವಾದ ಕರುಣೆ. ಸಿಟ್ಟು ಮಾಡಿಕೊಳ್ಳಲೂ ಆಗದಂಥ ಮುಖ. ನನಗೆ ಬೇರೆಯೇ ಪ್ರಶ್ನೆ ಕೊಟ್ಟರು. ನಾನು ಸೀಮೆಸುಣ್ಣ ತೆಗೆದುಕೊಂಡು ಬೋರ್ಡಿಗೆ ತಿರುಗಿದೆ. ಅವಳ ಬರಹ ಇನ್ನೂ ಅಲ್ಲಿತ್ತು. ಕೆಳಗೆ, ಕೊನೆಯ ಸಾಲು ಇದ್ದ ಕಡೆ, ಬೆಳ್ಳನೆಯ ಮೋಡದಂಥ ಕಲೆ. ಬಟ್ಟೆಯಲ್ಲಿ ಒರೆಸಿದ್ದರಿಂದ ಸರಿಯಾಗಿ ಹೋಗಿರಲಿಲ್ಲ. ಓರೆಯಾಗಿ ನೋಡಿದರೆ ಆ ಕಲೆಯೊಳಗೆ ಸೊನ್ನೆ ಕಾಣುತ್ತಿತ್ತು.

ಸುಮ್ಮನೆ ಡಸ್ಟರ್ ತೆಗೆದುಕೊಂಡು ಎಲ್ಲ ಒರೆಸಿ ನನ್ನ ಲೆಕ್ಕ ಶುರು ಮಾಡಬಹುದಿತ್ತು. ಆ ಬೋರ್ಡಿಗೆ ಡಸ್ಟರ್ ಇತ್ತು. ಕೈಗೂ ತೆಗೆದುಕೊಂಡೆ. ಆದರೆ ಆ ಬೇಸಿಗೆಯೆಲ್ಲ ಡಸ್ಟರ್ ಮುಟ್ಟದೆ ಅಭ್ಯಾಸವಾಗಿ, ಕೈಯಲ್ಲಿ ಅದೊಂದು ಸತ್ತ ಇಲಿಯ ಹಾಗೆ ಅನ್ನಿಸಿತು. ವಾಪಸು ಇಟ್ಟೆ.

"ಸಾರ್, ಇಲ್ಲಿ ಒರೆಸಿರೋದು ಸರಿಯಿತ್ತು."

"ನಿನಗೆ ಕೊಟ್ಟ ಪ್ರಶ್ನೆ ಅದಲ್ಲವಮ್ಮ" ಎಂದರು ಹಿರಿಯರು.

"ಗೊತ್ತು ಸಾರ್. ಆದ್ರೂ ಅದು ಸರಿಯಿತ್ತು."

"ಸರಿಯಿದ್ದರೆ ಆ ಹುಡುಗಿ ಯಾಕೆ ಅಳಿಸಿದಳು?"

"ನೀವು ಹೌದೇನಮ್ಮಾ ಅಂದ್ರಿ, ಅದಕ್ಕೆ."

ಪಕ್ಕದಲ್ಲಿದ್ದವರು ನಕ್ಕರು. ಹಿರಿಯರು ನಗಲಿಲ್ಲ. "ನಾನು ಕೇಳಿದೆ ಅಷ್ಟೆ. ಅವಳು ವಿವರಿಸಲಿ ಎಂದು ಕೇಳಿದೆ."

"ನಮ್ಮ ಮನೆಗಳಲ್ಲಿ ದೊಡ್ಡವರು ಕೇಳಲ್ಲ ಸಾರ್. ತಪ್ಪು ಅಂತ ಹೇಳೋದಕ್ಕೇ ಹಾಗಂತಾರೆ. ನಿಮ್ಮ ಮನೇಲಿ ಹೆಣ್ಣುಮಕ್ಕಳಿದ್ರೆ ಹೋಗಿ ಕೇಳಿ ನೋಡಿ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆ ಕೊನೆಯ ವಾಕ್ಯ ಬೇಕಿರಲಿಲ್ಲ ಎಂದು ಬಾಯಿಂದ ಹೊರಬಿದ್ದ ಕೂಡಲೇ ಗೊತ್ತಾಯಿತು. ಹಿರಿಯರು ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡು ಬೋರ್ಡಿನ ಆ ಕಲೆಯನ್ನು ನೋಡಿದರು. ಅಟೆಂಡರನ್ನು ಕರೆದು, "ಆಗ ಬಂದಿದ್ದ ಹುಡುಗಿಯನ್ನು ಇನ್ನೊಮ್ಮೆ ಕರಿ" ಎಂದರು. ಆಮೇಲೆ ನನಗೆ, "ನೀನು ನಿನ್ನದನ್ನು ಮಾಡಮ್ಮ, ಆ ಪಕ್ಕದಲ್ಲಿ ಬರಿ" ಎಂದರು.

ನಾನು ಬರೆಯತೊಡಗಿದೆ. ಕಿವಿ ಮಾತ್ರ ಕಾರಿಡಾರಿನಲ್ಲಿತ್ತು. ಅಟೆಂಡರು ಕೂಗಿದ. ಇನ್ನೊಮ್ಮೆ ಕೂಗಿದ. "ಅವ್ರು ಹೊರಟೋದ್ರಲ್ಲ" ಎಂದು ಯಾರೋ ಹುಡುಗ ಹೇಳಿದ. ಆಮೇಲೆ ಚಪ್ಪಲಿಯ ಸದ್ದು. ಮೊದಲು ಬಿರಬಿರನೆ ನಡೆಯುವ ಸದ್ದು, ಆಮೇಲೆ ಓಡುವ ಸದ್ದು. ಆ ಸದ್ದು ಕೇಳಿ ನನ್ನ ಕೈಯಲ್ಲಿದ್ದ ಸೀಮೆಸುಣ್ಣ ಮುರಿಯಿತು. ನಮ್ಮ ಮೇಡಂ ಜೋರಾಗಿ ನಡೆದದ್ದನ್ನೂ ಅಲ್ಲಿಯವರೆಗೆ ಯಾರೂ ಕಂಡಿರಲಿಲ್ಲ. ನನ್ನ ಪ್ರಶ್ನೆ ಕಷ್ಟದ್ದೇನೂ ಆಗಿರಲಿಲ್ಲ. ನಡುವೆ ಎಲ್ಲೋ ಚಿಹ್ನೆ ತಪ್ಪಿದೆ, ಎಲ್ಲಿ ಎಂದು ಹುಡುಕುತ್ತಾ ಹುಡುಕುತ್ತಾ ಅರ್ಧಕ್ಕೆ ನಿಂತೆ. "ಸಾಕಮ್ಮ" ಎಂದರು.

ರಸ್ತೆಯಲ್ಲಿ ನಡೆದದ್ದನ್ನು ಯಲಹಂಕದವಳು ಆಮೇಲೆ ಹೇಳಿದಳು. ಅಣ್ಣನ ಒಂದು ಕಾಲು ರೈಲು ನಿಲ್ದಾಣಕ್ಕೆ ಹೋಗುವ ಬಸ್ಸಿನ ಮೆಟ್ಟಿಲ ಮೇಲಿತ್ತಂತೆ. ಮೇಡಂ ಏದುಸಿರು ಬಿಡುತ್ತಾ ಬಂದು ಇವಳ ಮಣಿಕಟ್ಟು ಹಿಡಿದರಂತೆ. "ಒಂದ್ಸಲ ಆಯ್ತಲ್ಲ ಮೇಡಂ, ಇನ್ನೊಂದ್ಸಲ ಹೋಗಿ ಯಾಕ್ ಮರ್ವಾದೆ ಕಳ್ಕೊಳ್ಳೋದು? ಬಸ್ ಬಿಟ್ಟೋಗ್ತದೆ" ಎಂದನಂತೆ ಅಣ್ಣ. "ಬಸ್ಸು ಇನ್ನೊಂದು ಬರುತ್ತಪ್ಪ. ಇದು ಬರಲ್ಲ" ಎಂದರಂತೆ ಮೇಡಂ. ಕಂಡಕ್ಟರು ಯಾರಿಗೂ ಕಾಯದೆ ಸೀಟಿ ಊದಿದ. ಅಣ್ಣ ಕಾಲು ಕೆಳಗಿಟ್ಟ.

ಮೂವರೂ ಕಾರಿಡಾರಿಗೆ ಬಂದಾಗ ನಾನು ಬಾಗಿಲಲ್ಲೇ ನಿಂತಿದ್ದೆ. ಏನೂ ಮಾತಾಡದೆ ಅವಳ ಸೆರಗು ಹಿಡಿದು, ಒಂದು ಸುತ್ತು ಸುತ್ತಿ, ಸೊಂಟಕ್ಕೆ ಸಿಕ್ಕಿಸಿದೆ. ಬಿಚ್ಚದ ಹಾಗೆ ಒಳಗೆ ಒತ್ತಿದೆ. ಅಣ್ಣನ ಕಡೆ ತಿರುಗಿ ಕಣ್ಣು ಬಿಟ್ಟು ನೋಡಿದೆ. ಪಾಪ, ಅವನು ಕೊಡೆಯ ಹಿಡಿಯನ್ನು ನೋಡಿಕೊಂಡ. ಅವಳು ಒಳಗೆ ಹೋದಳು. ಈ ಸಲ ಅಟೆಂಡರು ಬಾಗಿಲು ಭದ್ರವಾಗಿ ಹಾಕಿದ.

ಬಾಗಿಲ ಮೇಲಿನ ಗವಾಕ್ಷಿ ತೆರೆದಿತ್ತು. ಸೀಮೆಸುಣ್ಣದ ಸದ್ದು ಕೇಳಿಸುತ್ತಿತ್ತು, ಟಕ್, ಟಕ್, ಗೀರು. ನಿಂತಿತು. ಮತ್ತೆ ಶುರುವಾಯಿತು. ಮೇಡಂ ಕಂಬಕ್ಕೆ ಒರಗಿ ಕಣ್ಣು ಮುಚ್ಚಿಕೊಂಡಿದ್ದರು, ಕುತ್ತಿಗೆಯಲ್ಲಿ ಬೆವರು. ಸಾಲು ಸಾಲಾಗಿ ಸದ್ದಿನಲ್ಲೇ ನಾನು ಲೆಕ್ಕ ಹಾಕುತ್ತಿದ್ದೆ: ಈಗ ಎಲ್ಲೆ ಹಿಡಿದಳು, ಈಗ ಕಮ್ಮಿಯಾಗದು ಎಂದಳು, ಈಗ ಜಾಸ್ತಿಯಾಗದು, ಈಗ ಸೊನ್ನೆ. ಸದ್ದು ನಿಂತಿತು.

"ಹೌದೇನಮ್ಮಾ?"

ಒರೆಸುವ ಸದ್ದು ಹೊರಗೆ ಕೇಳುವಂಥದ್ದಲ್ಲ, ಹಾಗಾಗಿ ಒರೆಸುತ್ತಿದ್ದಾಳೋ ಇಲ್ಲವೋ ತಿಳಿಯುವಂತಿಲ್ಲ. ಇಸ್ತ್ರಿ ಪ್ಯಾಂಟಿನ ಹುಡುಗರೂ ಮಾತು ನಿಲ್ಲಿಸಿದ್ದರು. ಒಂದು ರೈಲು ಬರಬಾರದೇ ಎಂದು ನಾನು ದೇವರನ್ನು ಬೇಡಿಕೊಂಡೆ. ಆ ಕಾಲೇಜಿನ ಹತ್ತಿರ ಹಳಿಯಾದರೂ ಎಲ್ಲಿತ್ತು?

ಆಮೇಲೆ ಅವಳ ಧ್ವನಿ ಬಂತು. ಗೂಡ್ಸ್ ಗಾಡಿಗೆ ಕೇಳುವ ಧ್ವನಿ.

"ಹೌದು ಸಾರ್! ಯಾಕೆ ಅಂತ ಹೇಳ್ತೀನಿ!"

ಹೇಳುತ್ತಾ ಹೋದಳು. ಕಾರಿಡಾರಿನ ಆ ತುದಿಯವರೂ ತಿರುಗಿ ನೋಡಿದರು. ಅಣ್ಣ ಕೊಡೆಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿ ನನ್ನ ಹತ್ತಿರ ಬಂದು ಪಿಸುಗುಟ್ಟಿದ, "ಯಾರಮ್ಮ ಅದು, ಒಳ್ಗೆ ಕೂಗ್ತಿರೋದು?"

"ನಿಮ್ಮ ತಂಗಿ" ಎಂದೆ.

ಅವನು ಗವಾಕ್ಷಿಯನ್ನು ನೋಡುತ್ತಾ ನಿಂತುಬಿಟ್ಟ. ಮತ್ತೆ ಯಾರನ್ನೂ ಟೈಮ್ ಕೇಳಲಿಲ್ಲ.

ಪಟ್ಟಿ ಹಾಕಿದ ದಿನ ಅವಳ ಹೆಸರು ಅದರಲ್ಲಿತ್ತು. ನನ್ನದು ಇರಲಿಲ್ಲ. ಹೊಟ್ಟೆ ಉರಿಯಲಿಲ್ಲವೇ ಎಂದರೆ ಉರಿಯಿತು. ನಾಲ್ಕು ದಿನ ಹಿತ್ತಿಲಲ್ಲಿ ಕುಳಿತು ಅತ್ತೆ, ಅವಳನ್ನೂ ಬೈದೆ, ಮೇಡಂ ಅನ್ನೂ ಬೈದೆ, ಗಂಧದ ಪ್ರೊಫೆಸರನ್ನಂತೂ ಬಾಯಿಗೆ ಬಂದ ಹಾಗೆ ಬೈದೆ. ನಮ್ಮಪ್ಪ ಗಾಡಿಗೆ ಮೂಲಂಗಿ ಕಟ್ಟು ಹೇರುತ್ತಾ, "ಮುಂದಿನ್ ವರ್ಸ ಓಗು ಬುಡು. ಇಂಗೆ ಅಳ್ತಾ ಕುಂತ್ರೆ ಅವರೇನ್ ಮನೆಗೆ ಬಂದು ಸೀಟ್ ಕೊಟ್ಟಾರಾ?" ಎಂದರು. ಆ ಮಾತಿಗೆ ಇನ್ನಷ್ಟು ಅಳು ಬಂತು. ಅವಳಿಗೆ ಮುಂದಿನ ವರ್ಷ ಎನ್ನುವುದೇ ಇರಲಿಲ್ಲ, ನನಗೆ ಇತ್ತು ಎಂದು ಆಗ ಮೊದಲ ಸಲ ಸರಿಯಾಗಿ ತಿಳಿಯಿತು.

ಮರುವರ್ಷದ ಬೇಸಿಗೆಯಲ್ಲಿ ಮತ್ತೆ ಅದೇ ಕಪ್ಪು ಗೋಡೆ. ತಾತನಿಗೆ ಕೂರಲು ಆಗುತ್ತಿರಲಿಲ್ಲ, ಒಳಗೆ ಮಲಗಿರುತ್ತಿದ್ದರು. ಮೇಡಂ ಯಲಹಂಕದವಳನ್ನು ಕರೆಸಿ ಅವರ ಕೈಕುರ್ಚಿಯಲ್ಲಿ ಕೂರಿಸಿದರು. ಎಂ.ಎಸ್ಸಿ.ಯ ಒಂದು ವರ್ಷ ಕಳೆದಿದ್ದರೂ ಅವಳು ಆ ಕುರ್ಚಿಯ ಅಂಚಿನಲ್ಲೇ ಕುಳಿತಳು. ನಾನು ಸೆರಗು ಸಿಕ್ಕಿಸಿಕೊಳ್ಳಲಿಲ್ಲ. ಅದೆಲ್ಲ ಅವಳಂಥವರಿಗೆ, ನನಗೇಕೆ ಅಂದುಕೊಂಡು ಗೋಡೆಯ ತುಂಬ ಬರೆದೆ, ಚೆನ್ನಾಗಿಯೇ ಬರೆದೆ. ಕೊನೆಯ ಸಾಲು ಮುಗಿಸಿ ಜಂಭದಿಂದ ಚುಕ್ಕೆ ಇಟ್ಟೆ.

ಹಿಂದಿನಿಂದ ಅವಳು ಮೆತ್ತಗೆ ಕೇಳಿದಳು, "ಹೌದೇನೇ?"

ತಾತ ಕೇಳಿದಾಗ ನಕ್ಕಿದ್ದೆ. ಪ್ರೊಫೆಸರು ಕೇಳಿದಾಗ ಎದುರು ಮಾತಾಡಿದ್ದೆ. ಇವಳು ಕೇಳಿದಳು. ಗಣಿತದಲ್ಲಿ ಇವಳಿಗೆ ಗೊತ್ತಿಲ್ಲದ್ದು ನನಗೆ ಗೊತ್ತಿರಲು ಸಾಧ್ಯವೇ ಇಲ್ಲ. ಸರಿ ಎಂದು ಗೊತ್ತಿದ್ದದ್ದು ಎಲ್ಲಿಗೋ ಹೊರಟುಹೋಯಿತು, ಮೊದಲಿಂದಲೂ ಗೊತ್ತೇ ಇರಲಿಲ್ಲವೇನೋ ಅನ್ನಿಸಿತು. ಕೆಳಗೆ ನೋಡಿದರೆ ನನ್ನ ಎಡಗೈಯಲ್ಲಿ ಸೆರಗಿನ ತುದಿ ಇತ್ತು. ಅದು ಯಾವಾಗ ಬಂತು ನನಗೆ ತಿಳಿಯದು. ತುದಿ ಆಗಲೇ ಗೋಡೆಯನ್ನು ಮುಟ್ಟಿತ್ತು.

ಅವಳು ಕುರ್ಚಿಯಿಂದ ಎದ್ದು ಬಂದಳು. ನಗಲಿಲ್ಲ. ನನ್ನ ಕೈಯಿಂದ ಸೆರಗು ಬಿಡಿಸಿ, ಒಂದು ಸುತ್ತು ಸುತ್ತಿ, ಸೊಂಟಕ್ಕೆ ಸಿಕ್ಕಿಸಿ, ಬಿಚ್ಚದ ಹಾಗೆ ಒಳಗೆ ಒತ್ತಿದಳು. ವಾಪಸು ಹೋಗಿ ಕುಳಿತು, "ಈಗ ಹೇಳು" ಎಂದಳು.